ಹಿರಿಯರೊಡನೆ ಯೂರೋಪಿನ ರೈಲು ಪ್ರವಾಸ: ಮೊದಲ ಬಾರಿಗೆ ಹೊರಡುವವರಿಗೆ ಕೆಲವು ಸೂಚನೆಗಳು

(ಕನ್ನಡ ಕೂಟದ ವಸಂತ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



"ದೇಶ ಸುತ್ತು, ಕೋಶ ಓದು" ಎಂಬುದು ನಮ್ಮ ನಾಡಿನ ಹಳೆಯ ಮಾತು. ಅದನ್ನು ನಮಗೆ ಹೇಳಿಕೊಟ್ಟ ಹಿರಿಯರಲ್ಲಿ ಬಹುಮಂದಿ ಕೋಶ ಓದಿದರು, ನಮ್ಮನ್ನೂ ಓದಿಸಿದರು. ದೇಶ ಸುತ್ತುವ ಅವಕಾಶ ಮಾತ್ರ ಅವರಿಗೆ ಒದಗಲಿಲ್ಲ. ಇಂದು ಅವರು ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಅಮೆರಿಕದ ನಮ್ಮ ಮನೆಗಳಿಗೆ ಬಂದಾಗ, ಎರಡು ವಾರ ರಜೆ ಹಾಕಿ ಅವರಿಗೆ ಯೂರೋಪನ್ನು ತೋರಿಸೋಣವೆಂಬ ಆಸೆ ನಮಗೆಲ್ಲ ಹುಟ್ಟುವುದು ಸಹಜ. ಆ ಆಸೆಯನ್ನು ನೆರವೇರಿಸುವ ಬಗೆಯನ್ನು ಕುರಿತು ಇಂದು ಕೆಲವು ಮಾತು ಹೇಳಲು ಬಯಸುತ್ತೇವೆ.

ರೈಲು ಪ್ರವಾಸದ ವಿಷಯವನ್ನು ವೈದ್ಯರಿಂದ ಹೇಳಿಸುವುದೇಕೆ ಎಂದು ಕೆಲವರಿಗೆ ಅನಿಸಿರಬಹುದು. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶದಲ್ಲಿ ರೆಸಿಡೆನ್ಸಿ ಪೂರೈಸಿ, ಇಲ್ಲಿಯೇ ವೃತ್ತಿಯಲ್ಲಿ ನಿಂತ ನಮ್ಮಂಥವರ ಬಳಿಗೆ ಪ್ರತಿ ಬೇಸಿಗೆಯ ಕೊನೆಯಲ್ಲಿ ಪ್ರವಾಸದಿಂದ ಮರಳಿದ ಹಿರಿಯರು ಬಂದೇ ಬರುತ್ತಾರೆ. ಕಾಲು ಊದಿರುತ್ತದೆ, ರಕ್ತದ ಸಕ್ಕರೆ ಏರಿರುತ್ತದೆ, ಮೂತ್ರದ ಸೋಂಕು ತಗಲಿರುತ್ತದೆ. ವಿಚಾರಿಸಿದರೆ, "ಹದಿನಾಲ್ಕು ದಿನದಲ್ಲಿ ಒಂಬತ್ತು ಊರು ನೋಡಿದೆವು, ಡಾಕ್ಟ್ರೇ" ಎನ್ನುತ್ತಾರೆ. ಯಾವ ಊರಿನಲ್ಲಿ ಏನು ನೋಡಿದಿರಿ ಎಂದರೆ ಪಕ್ಕದಲ್ಲಿ ಕುಳಿತ ಮಗನ ಮುಖ ನೋಡುತ್ತಾರೆ. ಹೀಗಾಗಬಾರದು ಎಂಬುದೇ ಈ ಉಪನ್ಯಾಸದ ಉದ್ದೇಶ. ಪ್ರವಾಸ ಕೆಡುವುದು ಬಹುಮಟ್ಟಿಗೆ ಮನೆಯಲ್ಲಿ ಕುಳಿತು ಯೋಜನೆ ಹಾಕುವಾಗಲೇ. ಆದುದರಿಂದ ಅದನ್ನು ಸರಿಪಡಿಸುವುದೂ ಅಲ್ಲಿಯೇ ಸಾಧ್ಯ.

ರೈಲೇ ಏಕೆ?

ಯೂರೋಪಿನ ನಗರಗಳ ನಡುವಣ ಅಂತರ ಅಮೆರಿಕದ ಅಳತೆಗೆ ಬಹಳ ಕಡಿಮೆ. ಪ್ಯಾರಿಸ್ಸಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ವೇಗದ ರೈಲಿನಲ್ಲಿ ಸುಮಾರು 3 ಗಂಟೆ, ವೆನಿಸ್ಸಿನಿಂದ ರೋಮಿಗೆ ಸುಮಾರು 4 ಗಂಟೆ. ರೈಲು ನಿಲ್ದಾಣಗಳು ಊರಿನ ನಡುವೆಯೇ ಇರುತ್ತವೆ. ವಿಮಾನವಾದರೆ ಊರಾಚೆಯ ನಿಲ್ದಾಣಕ್ಕೆ ಹೋಗಿ, ತಪಾಸಣೆಗೆ ಸಾಲು ನಿಂತು, ಇಳಿದ ಮೇಲೆ ಮತ್ತೆ ಊರೊಳಗೆ ಬರಬೇಕು. ಲೆಕ್ಕ ಹಾಕಿದರೆ ಇಂಥ ದೂರಗಳಿಗೆ ರೈಲೇ ಬೇಗ.

ಆರೋಗ್ಯದ ದೃಷ್ಟಿಯಿಂದಲೂ ರೈಲು ಮೇಲು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 4 ಗಂಟೆಗೂ ಹೆಚ್ಚು ಕಾಲ ಅಲುಗಾಡದೆ ಕುಳಿತು ಪ್ರಯಾಣ ಮಾಡಿದವರಲ್ಲಿ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಗೆ ಒಬ್ಬರಂತೆ, ಅಂದರೆ ಹೆದರಿ ಮನೆಯಲ್ಲಿ ಕೂರುವಷ್ಟು ಅಪಾಯವೇನಲ್ಲ. ಈ ಮಾತು ವಿಮಾನ, ಬಸ್ಸು, ಕಾರು, ರೈಲು ಎಲ್ಲಕ್ಕೂ ಸಲ್ಲುತ್ತದೆ. ಆದರೆ ರೈಲಿನಲ್ಲಿ ಎದ್ದು ಓಡಾಡಲು ಜಾಗವಿದೆ, ಬೇಕೆಂದಾಗ ಶೌಚಾಲಯವಿದೆ. ಗಂಟೆಗೊಮ್ಮೆ ಬೋಗಿಯ ಉದ್ದಕ್ಕೂ ನಡೆದು ಬಂದರೆ ಅದೇ ಔಷಧ.

ನಮ್ಮ ತಂದೆತಾಯಿಯರಿಗೆ ರೈಲು ಹೊಸದಲ್ಲ. ಆದರೆ ಊರಿನ ರೈಲಿಗೂ ಇಲ್ಲಿನ ರೈಲಿಗೂ ಇರುವ ಭೇದವನ್ನು ಅವರಿಗೆ ಮೊದಲೇ ತಿಳಿಸಬೇಕು. ಪೆಟ್ಟಿಗೆ ಹೊರಲು ಕೂಲಿಗಳಿರುವುದಿಲ್ಲ. ನಡುದಾರಿಯ ನಿಲ್ದಾಣಗಳಲ್ಲಿ ಗಾಡಿ ಎರಡು ಮೂರು ನಿಮಿಷ ಮಾತ್ರ ನಿಲ್ಲುತ್ತದೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಚಲಿಸುವ ಗಾಡಿಯನ್ನು ಓಡಿ ಹತ್ತುವ ಪ್ರಶ್ನೆಯೇ ಇಲ್ಲ.

ಮೊದಲು ರಾತ್ರಿಗಳ ಲೆಕ್ಕ

ಪ್ರವಾಸದ ಯೋಜನೆಯನ್ನು ಊರುಗಳ ಪಟ್ಟಿಯಿಂದ ಆರಂಭಿಸುವುದು ರೂಢಿ. ರಾತ್ರಿಗಳ ಲೆಕ್ಕದಿಂದ ಆರಂಭಿಸಬೇಕೆಂಬುದು ನಮ್ಮ ಸಲಹೆ.

ಒಂದು ಊರಿನಿಂದ ಮತ್ತೊಂದಕ್ಕೆ ಬದಲಾಯಿಸುವ ದಿನವನ್ನು ಬಿಡಿಸಿ ನೋಡೋಣ. ಪ್ಯಾರಿಸ್ಸಿನಿಂದ ಆಲ್ಪ್ಸ್ ತಪ್ಪಲಿನ ಇಂಟರ್‌ಲಾಕೆನ್‌ಗೆ ರೈಲಿನ ಕಾಲ ಸುಮಾರು ಐದೂವರೆ ಗಂಟೆ. ಬೆಳಿಗ್ಗೆ ಸ್ನಾನ, ತಿಂಡಿ, ಪೆಟ್ಟಿಗೆ ಕಟ್ಟುವುದು, ಹೋಟೆಲಿನ ಲೆಕ್ಕ ಚುಕ್ತಾ ಮಾಡುವುದು, ನಿಲ್ದಾಣಕ್ಕೆ ಹೋಗುವುದು, ಗಾಡಿಗೆ ಕಾಯುವುದು, ಇಳಿದ ಮೇಲೆ ಹೊಸ ಹೋಟೆಲನ್ನು ಹುಡುಕುವುದು, ಇವೆಲ್ಲ ಸೇರಿದರೆ ಎಂಟು ಒಂಬತ್ತು ಗಂಟೆ. ಆ ದಿನ ಅಷ್ಟಕ್ಕೇ ಮುಗಿಯಿತು. ಹತ್ತಿರದ ಊರಾದರೂ ಅರ್ಧ ದಿನವಂತೂ ಹೋಗುತ್ತದೆ. ಒಂಬತ್ತು ಊರುಗಳ ಪ್ರವಾಸದಲ್ಲಿ ಇಂತಹ ಬದಲಾವಣೆಗಳು ಎಂಟು. ಒಂದಕ್ಕೆ ಅರ್ಧ ದಿನವೆಂದರೂ ಹದಿನಾಲ್ಕರಲ್ಲಿ ನಾಲ್ಕು ದಿನ ಪೆಟ್ಟಿಗೆ ಎಳೆಯುವುದರಲ್ಲಿಯೇ ಕಳೆಯಿತು. ಮೊದಲ ದಿನ ನಿದ್ದೆಗೆಟ್ಟ ಆಯಾಸಕ್ಕೆ, ಕೊನೆಯ ದಿನ ಹೊರಡುವ ಸಿದ್ಧತೆಗೆ. ಉಳಿದದ್ದು ಎಂಟು ದಿನ, ಊರುಗಳು ಒಂಬತ್ತು!

ಆದುದರಿಂದ ಮೂರು ನಿಯಮಗಳನ್ನು ಇಟ್ಟುಕೊಳ್ಳುವುದು ಒಳಿತು. ಮೊದಲನೆಯದು, ಯಾವ ಊರಿನಲ್ಲಿಯೂ ಮೂರು ರಾತ್ರಿಗಿಂತ ಕಡಿಮೆ ತಂಗಬಾರದು. ಎರಡನೆಯದು, ಹತ್ತಿರದ ಸ್ಥಳಗಳನ್ನು ಅದೇ ಹೋಟೆಲಿನಿಂದ ಹೋಗಿ ಸಂಜೆಗೆ ಮರಳುವಂತೆ ನೋಡಬೇಕು. ಮೂರನೆಯದು, ವಿಮಾನದಲ್ಲಿ ಒಂದು ಊರಿಗೆ ಇಳಿದು ಇನ್ನೊಂದು ಊರಿನಿಂದ ಹೊರಡುವಂತೆ ಟಿಕೆಟು ಕೊಳ್ಳಬೇಕು. ಬಂದ ದಾರಿಯಲ್ಲಿಯೇ ಹಿಂದಿರುಗುವ ಒಂದು ದಿನ ಇದರಿಂದ ಉಳಿಯುತ್ತದೆ.

ಒಂದು ಮಾದರಿ ಮಾರ್ಗ

ಈ ನಿಯಮಗಳಿಗೆ ಹೊಂದುವ ಹದಿನಾಲ್ಕು ರಾತ್ರಿಗಳ ಒಂದು ಮಾರ್ಗವನ್ನು ಉದಾಹರಣೆಗೆ ಹೇಳುತ್ತೇವೆ: ಪ್ಯಾರಿಸ್ 4, ಇಂಟರ್‌ಲಾಕೆನ್ 4, ವೆನಿಸ್ 3, ರೋಮ್ 3. ಪ್ಯಾರಿಸ್ಸಿಗೆ ಬಂದು ರೋಮಿನಿಂದ ಮರಳುವುದು. ಊರು ನಾಲ್ಕು, ಬದಲಾವಣೆ ಮೂರೇ.

ಪ್ಯಾರಿಸ್ಸಿನಿಂದ ಬಾಸೆಲ್‌ಗೆ ಹೋಗುವ ವೇಗದ ಗಾಡಿಗಳು ಗಾರ್ ದ ಲಿಯೊಂ ಎಂಬ ನಿಲ್ದಾಣದಿಂದ ಹೊರಡುತ್ತವೆ. ಹೆಸರು ಕೇಳಿ ಲಿಯೊಂ ನಗರವೆಂದು ಗಾಬರಿಯಾಗಬೇಕಾಗಿಲ್ಲ, ನಿಲ್ದಾಣ ಇರುವುದು ಪ್ಯಾರಿಸ್ಸಿನಲ್ಲಿಯೇ. ಬಾಸೆಲ್‌ನಲ್ಲಿ ಗಾಡಿ ಬದಲಾಯಿಸಿದರೆ ಸುಮಾರು ಎರಡು ಗಂಟೆಯಲ್ಲಿ ಇಂಟರ್‌ಲಾಕೆನ್. ಅಲ್ಲಿಂದ ವೆನಿಸ್ಸಿಗೆ ಹೋಗುವ ದಿನವೇ ಈ ಮಾರ್ಗದ ಅತಿ ಉದ್ದದ ದಿನ. ಇಂಟರ್‌ಲಾಕೆನ್‌ನಿಂದ ಸ್ಪೀಟ್ಸ್, ಅಲ್ಲಿಂದ ಮಿಲಾನ್, ಮಿಲಾನಿನಿಂದ ವೆನಿಸ್, ಒಟ್ಟು ಆರೂವರೆ ಏಳು ಗಂಟೆ. ಆದರೆ ದಾರಿ ಬೇಸರ ತರಿಸುವುದಿಲ್ಲ. 2007ರಲ್ಲಿ ತೆರೆದ, 34 ಕಿಲೋಮೀಟರಿಗೂ ಉದ್ದವಾದ ಲೋಟ್ಷ್‌ಬರ್ಗ್ ಸುರಂಗವನ್ನೂ, 1906ರಲ್ಲಿ ತೆರೆದ, ಸುಮಾರು 20 ಕಿಲೋಮೀಟರಿನ ಸಿಂಪ್ಲಾನ್ ಸುರಂಗವನ್ನೂ ಒಂದರ ಹಿಂದೊಂದು ದಾಟಿ ಗಾಡಿ ಇಟಲಿಗೆ ಇಳಿಯುತ್ತದೆ. ನಡುವೆ ಮಿಲಾನಿನಲ್ಲಿ ಒಂದೂವರೆ ಗಂಟೆಯ ಬಿಡುವು ಇಟ್ಟುಕೊಂಡರೆ ಊಟವೂ ಆಗುತ್ತದೆ, ತಡವಾದರೆ ಆತಂಕವೂ ಇರುವುದಿಲ್ಲ. ವೆನಿಸ್ಸಿನಿಂದ ರೋಮಿಗೆ ಗಾಡಿ ಬದಲಾಯಿಸದೆ ನೇರವಾಗಿ ಹೋಗಬಹುದು.

ಲಂಡನ್ ಏಕಿಲ್ಲ ಎಂದು ಕೇಳುವವರಿದ್ದಾರೆ. ಇಂಗ್ಲಿಷ್ ಕಡಲ್ಗಾಲುವೆಯ ಕೆಳಗಿನ ಸುರಂಗ 1994ರಲ್ಲಿ ತೆರೆದಂದಿನಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ರೈಲಿದೆ, ಈಗ ಅದು ಸುಮಾರು 2 ಗಂಟೆ 20 ನಿಮಿಷದ ದಾರಿ. ಆದರೆ ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು. ಒಂದೇ ಪ್ರವಾಸಕ್ಕೆ ಎರಡು ವೀಸಾಗಳ ಓಡಾಟ ಎಲ್ಲರಿಗೂ ಸಾಧ್ಯವಾಗದು. ಅಲ್ಲಿ ಆಪ್ತರಿದ್ದರೆ ಮಾತು ಬೇರೆ.

ವೀಸಾ ಮತ್ತು ವಿಮೆ

1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಸಹಿಯಾಗಿ, 1995ರಲ್ಲಿ ಆಚರಣೆಗೆ ಬಂದ ಒಪ್ಪಂದದ ಫಲವಾಗಿ ಇಂದು 29 ದೇಶಗಳಿಗೆ ಒಂದೇ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ ಅಲ್ಲಿ ಇರಬಹುದು. ಅಮೆರಿಕದ ಪೌರತ್ವ ಪಡೆದವರಿಗೆ ಈ ವೀಸಾ ಬೇಕಿಲ್ಲ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ, ಕೈಯಲ್ಲಿ ಗ್ರೀನ್ ಕಾರ್ಡ್ ಇದ್ದರೂ, ವೀಸಾ ಬೇಕೇ ಬೇಕು.

ಅರ್ಜಿಯನ್ನು ಯಾವ ದೇಶದ ಕಚೇರಿಗೆ ಸಲ್ಲಿಸಬೇಕೆಂಬುದರಲ್ಲಿ ಬಹಳ ಮಂದಿ ಗೊಂದಲಕ್ಕೆ ಒಳಗಾಗುತ್ತಾರೆ. ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕೆಂಬುದು ನಿಯಮ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲೆ ಹೇಳಿದ ಮಾರ್ಗದಲ್ಲಿ ಇಳಿಯುವುದು ಪ್ಯಾರಿಸ್ಸಿನಲ್ಲಿ. ಆದರೆ ವೆನಿಸ್ ಮತ್ತು ರೋಮ್ ಸೇರಿ ಇಟಲಿಯಲ್ಲಿ ಆರು ರಾತ್ರಿಗಳಾದುದರಿಂದ ಅರ್ಜಿ ಹೋಗಬೇಕಾದದ್ದು ಇಟಲಿಗೆ. ಹೀಗೆ ರಾತ್ರಿಗಳ ಲೆಕ್ಕ ವೀಸಾಕ್ಕೂ ಬೇಕಾಗುತ್ತದೆ. ಅರ್ಜಿಯನ್ನು ಪ್ರವಾಸಕ್ಕೆ 6 ತಿಂಗಳ ಮುಂಚಿನಿಂದ ಸಲ್ಲಿಸಬಹುದು, 15 ದಿನಗಳಿಗಿಂತ ತಡಮಾಡುವಂತಿಲ್ಲ. ಬೇಸಿಗೆಯಲ್ಲಿ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ, ಆದಷ್ಟು ಮುಂಚೆ ಸಲ್ಲಿಸುವುದು ಲೇಸು. ವಯಸ್ಕರಿಗೆ ಶುಲ್ಕ 2024ರ ಜೂನಿನಲ್ಲಿ 90 ಯೂರೋಗಳಿಗೆ ಏರಿತು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು, ಹಿಂದಿರುಗುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಾಗಿರಬೇಕು.

ಸಾಮಾನ್ಯವಾಗಿ ತಾವು ವಾಸಿಸುವ ದೇಶದಲ್ಲಿಯೇ ಅರ್ಜಿ ಸಲ್ಲಿಸಬೇಕಾದುದರಿಂದ, ತಂದೆತಾಯಿಯರು ಊರಿನಿಂದ ಹೊರಡುವ ಮುನ್ನ ಅಲ್ಲಿಯೇ ಈ ಕೆಲಸ ಮುಗಿಸಿಕೊಳ್ಳುವುದು ಸುಲಭ. ಅರ್ಜಿ ಸ್ವೀಕರಿಸುವ ಕೇಂದ್ರಗಳು ಬೆಂಗಳೂರಿನಲ್ಲಿಯೇ ಇವೆ. ಅಂದರೆ, ಅವರು ಇಲ್ಲಿಗೆ ಬಂದ ಮೇಲೆ ಪ್ರವಾಸದ ಯೋಚನೆ ಮಾಡುವುದಲ್ಲ, ಬರುವ ಮೊದಲೇ ಮಾಡಬೇಕು. ಅಮೆರಿಕಕ್ಕೆ ಮರಳಿ ಪ್ರವೇಶಿಸಲು ಅವರ ವೀಸಾ ಊರ್ಜಿತವಾಗಿದೆಯೇ, ಉದ್ಯೋಗದ ವೀಸಾದಲ್ಲಿರುವ ನಮ್ಮ ಯುವಕರ ಪಾಸ್‌ಪೋರ್ಟಿನಲ್ಲಿ ಮುದ್ರೆಯ ಅವಧಿ ಉಳಿದಿದೆಯೇ ಎಂಬುದನ್ನೂ ಟಿಕೆಟಿಗೆ ಮುನ್ನವೇ ನೋಡಬೇಕು. 2025ರ ಅಕ್ಟೋಬರಿನಲ್ಲಿ ಶೆಂಗೆನ್ ಗಡಿಗಳಲ್ಲಿ ವಿದೇಶೀಯರ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಆರಂಭವಾಯಿತು. ಅಮೆರಿಕದ ಪೌರರಿಗೂ ಇದು ಅನ್ವಯಿಸುತ್ತದೆ. ವಿಮಾನ ಇಳಿದ ಕೂಡಲೇ ರೈಲು ಹಿಡಿಯುವ ಯೋಜನೆ ಈ ಕಾರಣದಿಂದಲೂ ಬೇಡ.

ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ವಿಮೆಯ ಕಾಗದವನ್ನು ವೀಸಾ ಅಧಿಕಾರಿಗಾಗಿ ಮಾತ್ರ ಕೊಳ್ಳಬಾರದು. ಮೊದಲೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳಿಂದ ತೊಂದರೆಯಾದರೆ ಖರ್ಚು ಯಾರದು ಎಂಬ ಪರಿಚ್ಛೇದವನ್ನು ಓದಿಯೇ ಹಣ ಕಟ್ಟಬೇಕು. ತಂದೆತಾಯಿಯರಿಗೆಂದು ಅಮೆರಿಕದಲ್ಲಿ ಕೊಂಡ ವಿಮೆ ಯೂರೋಪಿಗೂ ಸಲ್ಲುತ್ತದೆಂದು ಭಾವಿಸಬಾರದು. ಇಲ್ಲಿನ ಮೆಡಿಕೇರ್ ಕೂಡ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

ಪಾಸೋ, ಬಿಡಿ ಟಿಕೆಟೋ?

ಯೂರೈಲ್ ಪಾಸ್ 1959ರಲ್ಲಿ ಆರಂಭವಾದುದು. ಈಗ ಅದು 33 ದೇಶಗಳಲ್ಲಿ ಸಲ್ಲುತ್ತದೆ. ಯೂರೋಪಿನ ಹೊರಗೆ ವಾಸಿಸುವವರಿಗೆ ಇದು ದೊರೆಯುತ್ತದೆ. ಇಲ್ಲಿ ಪೌರತ್ವಕ್ಕಿಂತ ವಾಸಸ್ಥಳ ಮುಖ್ಯ. 60 ದಾಟಿದವರಿಗೆ ರಿಯಾಯಿತಿ ಉಂಟು. 4ರಿಂದ 11 ವರ್ಷದ ಮಕ್ಕಳಿಗೆ, ವಯಸ್ಕರೊಬ್ಬರಿಗೆ ಇಬ್ಬರಂತೆ, ಪಾಸು ಉಚಿತ.

ಪಾಸು ಕೊಂಡ ಮೇಲೆ ಎಲ್ಲ ಗಾಡಿಯೂ ನಮ್ಮದೇ ಎಂದು ತಿಳಿಯುವುದು ತಪ್ಪು. ಫ್ರಾನ್ಸಿನ ವೇಗದ ಗಾಡಿಗಳು, ಇಟಲಿಯ ವೇಗದ ಗಾಡಿಗಳು, ಯೂರೋಸ್ಟಾರ್, ಇವುಗಳಲ್ಲಿ ಪಾಸಿನ ಜೊತೆಗೆ ಆಸನವನ್ನೂ ಬೇರೆ ಹಣ ಕೊಟ್ಟು ಕಾಯ್ದಿರಿಸಬೇಕು. ಪಾಸಿನವರಿಗೆ ಮೀಸಲಾದ ಆಸನಗಳು ಬೇಗ ಮುಗಿಯುತ್ತವೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳ ಒಳಗಿನ ಬಹುತೇಕ ಗಾಡಿಗಳಲ್ಲಿ ಈ ಕಡ್ಡಾಯವಿಲ್ಲ. ಆದರೂ ಹಿರಿಯರಿದ್ದಾಗ ಆಸನ ಕಾಯ್ದಿರಿಸುವುದೇ ವಿವೇಕ.

ನಮ್ಮ ಮಾದರಿ ಮಾರ್ಗದಂತೆ ಮೂರೇ ದೀರ್ಘ ಪ್ರಯಾಣಗಳಿದ್ದರೆ, ಎರಡು ಮೂರು ತಿಂಗಳ ಮುಂಚೆ ಕೊಂಡ ಬಿಡಿ ಟಿಕೆಟುಗಳೇ ಸಾಮಾನ್ಯವಾಗಿ ಅಗ್ಗ. ದೀರ್ಘ ಪ್ರಯಾಣಗಳು ಆರೇಳನ್ನು ಮೀರಿದರೆ ಅಥವಾ ದಾರಿಯನ್ನು ಮೊದಲೇ ಗೊತ್ತುಮಾಡಲು ಮನಸ್ಸಿಲ್ಲದಿದ್ದರೆ ಪಾಸಿನ ವಿಚಾರ ಮಾಡಬಹುದು. ಸ್ವಿಟ್ಜರ್ಲೆಂಡಿನಲ್ಲಿ ನಿತ್ಯ ತಿರುಗುವವರಿಗೆ ಆ ದೇಶದ್ದೇ ಆದ ಪಾಸು ರೈಲು, ಬಸ್ಸು, ಸರೋವರದ ದೋಣಿ ಮೂರಕ್ಕೂ ಸಲ್ಲುತ್ತದೆ. ಒಂದು ಎಚ್ಚರಿಕೆ: ಅತಿ ಅಗ್ಗದ ಟಿಕೆಟನ್ನು ಬದಲಾಯಿಸಲಾಗದು, ಹಣವೂ ಮರಳುವುದಿಲ್ಲ. ಬೆಳಿಗ್ಗೆ ಅಮ್ಮನಿಗೆ ಜ್ವರ ಬಂದರೆ ಪ್ರಯಾಣವನ್ನು ಮುಂದೂಡುವ ಸ್ವಾತಂತ್ರ್ಯ ನಮಗಿರಬೇಕು. ಸ್ವಲ್ಪ ಹೆಚ್ಚು ಕೊಟ್ಟು ಬದಲಾಯಿಸಬಹುದಾದ ಟಿಕೆಟನ್ನೇ ಕೊಳ್ಳುವುದು ನಮ್ಮ ಪದ್ಧತಿ.

ನಿಲ್ದಾಣದಲ್ಲಿ

ನಿಲ್ದಾಣದ ಫಲಕಗಳಲ್ಲಿ ಊರಿನ ಹೆಸರು ಆಯಾ ದೇಶದ ಭಾಷೆಯಲ್ಲಿರುತ್ತದೆ. ವೆನಿಸ್ ಅಲ್ಲಿ ವೆನೆಟ್ಸಿಯಾ, ಫ್ಲಾರೆನ್ಸ್ ಫಿರೆಂಝೆ, ವಿಯೆನ್ನಾ ವೀನ್. ಒಂದೇ ಊರಿಗೆ ಹಲವು ನಿಲ್ದಾಣಗಳೂ ಉಂಟು. ವೆನಿಸ್ಸಿಗೆ ಹೋಗುವವರು ಮೆಸ್ತ್ರೆಯಲ್ಲಿ ಇಳಿದರೆ ಇನ್ನೂ ಭೂಭಾಗದಲ್ಲಿಯೇ ಇರುತ್ತಾರೆ. ಸಾಂತಾ ಲೂಚಿಯಾ ನಿಲ್ದಾಣದಲ್ಲಿ ಇಳಿದರೆ ಮೆಟ್ಟಿಲ ಕೆಳಗೇ ದೊಡ್ಡ ಕಾಲುವೆ, ದೋಣಿಗಳ ನಿಲುಗಡೆ.

ವೇಳೆಯನ್ನು ಅಲ್ಲಿ 24 ಗಂಟೆಯ ಕ್ರಮದಲ್ಲಿ ಬರೆಯುತ್ತಾರೆ. ದಿನಾಂಕದಲ್ಲಿ ದಿನ ಮೊದಲು, ತಿಂಗಳು ನಂತರ. ಅಮೆರಿಕದ ರೂಢಿಗೆ ಬಿದ್ದಿರುವ ನಾವು 04/07 ಎಂಬುದನ್ನು ಏಪ್ರಿಲ್ ಏಳು ಎಂದು ಓದಿಬಿಡುತ್ತೇವೆ, ಅಲ್ಲಿ ಅದು ಜುಲೈ ನಾಲ್ಕು. ಫ್ರಾನ್ಸಿನ ವೇಗದ ಗಾಡಿಯ ಬಾಗಿಲು ಹೊರಡುವ ವೇಳೆಗೆ ಎರಡು ನಿಮಿಷ ಮುಂಚೆಯೇ ಮುಚ್ಚುತ್ತದೆ. ಕೆಲವು ಗಾಡಿಗಳು ದಾರಿಯಲ್ಲಿ ಎರಡಾಗಿ ಬೇರ್ಪಟ್ಟು ಬೇರೆ ಬೇರೆ ಊರಿಗೆ ಹೋಗುತ್ತವೆ. ಆದುದರಿಂದ ಬೋಗಿಯ ಸಂಖ್ಯೆ ನೋಡಿಯೇ ಹತ್ತಬೇಕು. ಇಟಲಿಯ ಸ್ಥಳೀಯ ಗಾಡಿಗಳ ಕಾಗದದ ಟಿಕೆಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ತೆರಬೇಕಾಗುತ್ತದೆ.

ಯೂರೋಪಿನ ರೈಲು ಎಂದೂ ತಪ್ಪದೆ ವೇಳೆಗೆ ಬರುತ್ತದೆಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಬೇಕು. ಸ್ವಿಟ್ಜರ್ಲೆಂಡಿನ ಮಟ್ಟಿಗೆ ಅದು ಬಹುತೇಕ ನಿಜ. ಜರ್ಮನಿಯಲ್ಲಿ ಮಾತ್ರ 2024ರಲ್ಲಿ ದೂರ ಪ್ರಯಾಣದ ಗಾಡಿಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ತಡವಾದವು. ಗಾಡಿ ಬದಲಾಯಿಸುವಲ್ಲಿ ಹಿರಿಯರೊಡನೆ ಕನಿಷ್ಠ ಮುಕ್ಕಾಲು ಗಂಟೆಯ ಅವಕಾಶ ಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಗಾಡಿ ಒಂದು ಗಂಟೆ ತಡವಾದರೆ ಟಿಕೆಟಿನ ದರದ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ಭಾಗ ಪರಿಹಾರ ಕೇಳಬಹುದು. ಅದಕ್ಕೆ ಕೆಲವು ವಿನಾಯಿತಿಗಳೂ ಉಂಟು.

ಬಹುಮಂದಿಗೆ ತಿಳಿಯದ ಸೌಲಭ್ಯವೊಂದಿದೆ. ನಡೆಯಲು ಕಷ್ಟಪಡುವವರಿಗೆ ನಿಲ್ದಾಣದಲ್ಲಿ ಗಾಲಿಕುರ್ಚಿ ಮತ್ತು ಗಾಡಿ ಹತ್ತಿಸಿ ಇಳಿಸುವ ನೆರವು ಉಚಿತವಾಗಿ ದೊರೆಯುತ್ತದೆ. ಒಕ್ಕೂಟದ ದೇಶಗಳಲ್ಲಿ 24 ಗಂಟೆ ಮುಂಚೆ ತಿಳಿಸಿದರೆ ಸಾಕು. ಗಾಲಿಕುರ್ಚಿ ಎಂದೊಡನೆ ನಮ್ಮ ತಂದೆಯವರಿಗೆ ಮುಜುಗರವಾಗುತ್ತದೆ. ಮಂಡಿನೋವು ಇರುವವರು ಕಾಲನ್ನು ನೋಡಬೇಕಾದ ಸ್ಥಳಗಳಿಗಾಗಿ ಉಳಿಸಿಕೊಳ್ಳಬೇಕೆಂದು ಹೇಳಿ ಒಪ್ಪಿಸಬೇಕು. ಇನ್ನು ಲಗೇಜಿನ ನಿಯಮ ಒಂದೇ: ತನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ಗಾಡಿಯೊಳಗೆ ಇಡುವಷ್ಟು ಭಾರ. ಹಿರಿಯರಿಗೆ ಹೆಗಲಚೀಲ ಮಾತ್ರ.

ದೇಹದ ಲೆಕ್ಕ

ಔಷಧಗಳನ್ನು ಮೂಲ ಡಬ್ಬಿಗಳಲ್ಲಿಯೇ, ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಊರಿನ ಕ್ರೋಸಿನ್, ಅಮೆರಿಕದ ಟೈಲೆನಾಲ್, ಫ್ರಾನ್ಸಿನ ಡೋಲಿಪ್ರಾನ್ ಮೂರೂ ಒಂದೇ ಔಷಧ. ಆದುದರಿಂದ ಮೂಲ ಔಷಧದ ಹೆಸರು, ಪ್ರಮಾಣ, ರೋಗಗಳು, ಒಗ್ಗದ ಔಷಧಗಳು ಇವನ್ನು ಒಂದೇ ಹಾಳೆಯಲ್ಲಿ ಬರೆಸಿ, ಹಿರಿಯರ ಜೇಬಿನಲ್ಲಿ ಒಂದು, ಮಕ್ಕಳ ಬಳಿ ಒಂದು ಪ್ರತಿ ಇಡಬೇಕು. ಹಸಿರು ಶಿಲುಬೆಯ ಗುರುತಿರುವುದು ಔಷಧದಂಗಡಿ. ತುರ್ತಿಗೆ 112 ಎಂಬ ಸಂಖ್ಯೆ ಈ ಮಾರ್ಗದ ಎಲ್ಲ ದೇಶಗಳಲ್ಲಿಯೂ ಸಲ್ಲುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲೇಬೇಕು. ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೋಗುವಾಗ ಗಡಿಯಾರ ಆರು ಗಂಟೆ ಮುಂದೆ ಸರಿಯುತ್ತದೆ. ದಿನವೇ ಕಿರಿದಾಗುವುದರಿಂದ ಇನ್ಸುಲಿನ್ನಿನ ಪ್ರಮಾಣವನ್ನೂ ವೇಳೆಯನ್ನೂ ಹೊಂದಿಸಬೇಕಾಗಬಹುದು. ಸರಕಿನ ಭಾಗದ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ನಿರುಪಯುಕ್ತ, ಅದನ್ನು ಕೈಯಲ್ಲಿಯೇ ಒಯ್ಯಬೇಕು. ಕೆಲವು ದೇಶಗಳಲ್ಲಿ ಸಕ್ಕರೆಯನ್ನು ಬೇರೆ ಮಾನದಲ್ಲಿ ಹೇಳುತ್ತಾರೆ. ನಮ್ಮ 180 ಎಂಬುದು ಅಲ್ಲಿ 10. ಹದಿನೆಂಟರಿಂದ ಭಾಗಿಸಿದರಾಯಿತು.

ಎಲ್ಲಕ್ಕಿಂತ ಮುಖ್ಯವಾದ ವಿಷಯ ನೀರು. ಶೌಚಾಲಯ ಎಲ್ಲಿ ಸಿಗುವುದೋ ಎಂಬ ಅಂಜಿಕೆಯಿಂದ ನಮ್ಮ ತಾಯಂದಿರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಕೆಲವರು ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನೂ ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ. ನಾವು ಮೊದಲು ಹೇಳಿದ ಮೂತ್ರದ ಸೋಂಕಿಗೂ ಕಾಲಿನ ಊತಕ್ಕೂ ಬಹುವೇಳೆ ಇದೇ ಮೂಲ. ಪ್ರಯಾಣದ ದಿನ ಆ ಮಾತ್ರೆಯ ವೇಳೆಯನ್ನು ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಬಹುದು, ತಾವೇ ಬಿಡಬಾರದು. ನಿಲ್ದಾಣಗಳ ಶೌಚಾಲಯಕ್ಕೆ ಅನೇಕ ಕಡೆ ಚಿಲ್ಲರೆ ಕೊಡಬೇಕು. ಆ ಚಿಲ್ಲರೆಯನ್ನು ಅಮ್ಮನ ಕೈಯಲ್ಲಿಯೇ ಮೊದಲು ಕೊಟ್ಟಿರಬೇಕು, ಪ್ರತಿಸಲ ಮಗನನ್ನೋ ಅಳಿಯನನ್ನೋ ಕೇಳುವಂತಾಗಬಾರದು.

ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ, ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಪ್ರವಾಸಕ್ಕೆಂದು ಹೊಸ ಬೂಟು ಕೊಂಡು ಅದೇ ದಿನ ತೊಡಬಾರದು, ಒಂದು ತಿಂಗಳು ಮುಂಚೆ ತೊಟ್ಟು ಪಳಗಿಸಬೇಕು. ರಾತ್ರಿ ಮಲಗುವ ಮುನ್ನ ಮಕ್ಕಳೇ ಅವರ ಪಾದವನ್ನು ದೀಪದ ಬೆಳಕಿನಲ್ಲಿ ನೋಡುವುದು ಉತ್ತಮ.

ಇಂಟರ್‌ಲಾಕೆನ್‌ಗೆ ಹೋದವರೆಲ್ಲ ಯುಂಗ್‌ಫ್ರಾವ್‌ಯೋಖ್ ನೋಡಬಯಸುತ್ತಾರೆ. 1912ರಲ್ಲಿ ತೆರೆದ ಆ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು ಎಂದರೆ ಭೇದ ತಿಳಿಯುತ್ತದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಮೂರನೆಯ ಎರಡು ಪಾಲು. ಆರೋಗ್ಯವಂತರು ನಿಧಾನವಾಗಿ ನಡೆದು ಎರಡು ಗಂಟೆ ಇದ್ದು ಬರಲು ಅಡ್ಡಿಯಿಲ್ಲ. ಇತ್ತೀಚೆಗೆ ಹೃದಯಾಘಾತವಾದವರು, ಹಿಡಿತಕ್ಕೆ ಬಾರದ ಹೃದ್ರೋಗ, ಶ್ವಾಸಕೋಶದ ರೋಗ, ತೀವ್ರ ರಕ್ತಹೀನತೆ ಇರುವವರು ಹೋಗಕೂಡದು. ಅವರಿಗಾಗಿ ಬ್ರೀಂಟ್ಸ್ ಸರೋವರದ ದೋಣಿಯಿದೆ, ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಸ್ಟೌಬಾಖ್ ಜಲಪಾತದ ಲೌಟರ್‌ಬ್ರುನೆನ್ ಕಣಿವೆಯಿದೆ. ಎರಡನ್ನೂ ಆಯಾಸವಿಲ್ಲದೆ ನೋಡಬಹುದು.

ಊಟ

ಸಸ್ಯಾಹಾರಿಗಳಿಗೆ ಇಟಲಿ ಸುಲಭ, ಉಳಿದೆಡೆ ಕೇಳಿ ತಿಳಿಯಬೇಕು. ತರಕಾರಿ ಸಾರಿಗೂ ಮಾಂಸದ ರಸ ಹಾಕುವುದುಂಟು. ಇಟಲಿಯ ಪಾರ್ಮಿಜಾನೋ ಗಿಣ್ಣು ಕರುವಿನ ಜಠರದ ರೆನೆಟ್ಟಿನಿಂದ ಹೆಪ್ಪುಗಟ್ಟಿಸಿದ್ದು, ಮಡಿವಂತರಿಗೆ ಇದನ್ನು ಮೊದಲೇ ಹೇಳುವುದು ನ್ಯಾಯ. ಅಡುಗೆಮನೆಯುಳ್ಳ ವಸತಿ ಹಿಡಿದರೆ ರಾತ್ರಿ ಒಂದು ಅನ್ನ ಸಾರು ಆಗುತ್ತದೆ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಒಯ್ಯಬಹುದು. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಒಕ್ಕೂಟದೊಳಕ್ಕೆ ತರಲು ನಿಷೇಧವಿರುವುದರಿಂದ ತುಪ್ಪದ ಡಬ್ಬಿ ಬೇಡ.

"ನನಗೇನೂ ಬೇಡ"

ಕೊನೆಯದಾಗಿ, ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಸಿಗದ ವಿಷಯವೊಂದನ್ನು ಹೇಳಬೇಕು. ನಮ್ಮ ತಂದೆತಾಯಿಯರು ದಣಿವಾಯಿತೆಂದು ಬಾಯಿಬಿಟ್ಟು ಹೇಳುವವರಲ್ಲ. ಮಗ ಇಷ್ಟೊಂದು ಖರ್ಚು ಮಾಡಿದ್ದಾನೆ, ಮೊಮ್ಮಕ್ಕಳ ಸಂತೋಷಕ್ಕೆ ತಾವು ಅಡ್ಡಿಯಾಗಬಾರದು ಎಂಬುದು ಅವರ ಮನಸ್ಸು. ಒಂದು ಲೋಟ ಕಾಫಿಯ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿ, "ನನಗೇನೂ ಬೇಡ, ನೀವು ಕುಡಿಯಿರಿ" ಎನ್ನುತ್ತಾರೆ. "ನೀವು ನೋಡಿಕೊಂಡು ಬನ್ನಿ, ನಾನಿಲ್ಲೇ ಕೂತಿರುತ್ತೇನೆ" ಎಂದರೆ ಅವರಿಗೆ ಆ ಚರ್ಚಿನಲ್ಲಿ ಆಸಕ್ತಿಯಿಲ್ಲವೆಂದು ಅರ್ಥವಲ್ಲ. ಮಂಡಿ ಇನ್ನೊಂದು ಮೆಟ್ಟಿಲನ್ನು ತಾಳದು ಎಂದರ್ಥ. ರೋಗಿಯ ಮಾತಿಗಿಂತ ನಡಿಗೆಯನ್ನು ನೋಡಬೇಕೆಂದು ನಮಗೆ ವೈದ್ಯವೃತ್ತಿ ಕಲಿಸಿದೆ. ಪ್ರವಾಸದಲ್ಲಿ ಮಕ್ಕಳೂ ಅದನ್ನು ಕಲಿಯಬೇಕು. ಬೆಳಿಗ್ಗೆ ಮುಂದೆ ನಡೆಯುತ್ತಿದ್ದವರು ಮಧ್ಯಾಹ್ನ ಹತ್ತು ಹೆಜ್ಜೆ ಹಿಂದುಳಿದರೆ, ಮಾತು ಕಡಿಮೆಯಾದರೆ, ಊಟ ಬೇಡವೆಂದರೆ, ಅಂದಿನ ಪಟ್ಟಿಯಲ್ಲಿ ಉಳಿದದ್ದನ್ನು ಬಿಟ್ಟು ಕೋಣೆಗೆ ಮರಳುವುದೇ ಸರಿ.

ದಿನಕ್ಕೆ ಒಂದೇ ಮುಖ್ಯ ಸ್ಥಳ, ಅದೂ ಬೆಳಿಗ್ಗೆ. ಮಧ್ಯಾಹ್ನ ವಿಶ್ರಾಂತಿ. ಸಂಜೆ ಯುವಕರೂ ಮಕ್ಕಳೂ ಬೇಕಾದಷ್ಟು ಸುತ್ತಲಿ, ಹಿರಿಯರು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಹೋಗಿಬರುವವರನ್ನು ನೋಡಲಿ. ಅದೂ ಯೂರೋಪನ್ನು ನೋಡುವ ಒಂದು ಬಗೆಯೇ. ಮಾರ್ಗದ ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಅವರನ್ನೂ ಕೇಳಬೇಕು. ಶಾಲೆಯಲ್ಲಿ ಭೂಗೋಳ ಕಲಿಸಿದ ತಂದೆಯವರಿಗೆ ಆಲ್ಪ್ಸ್ ಪರ್ವತವೇ ಸಾಕಾಗಿರಬಹುದು, ಐಫೆಲ್ ಗೋಪುರ ಬೇಡವಾಗಿರಬಹುದು. ಕೇಳದೆ ನಮಗೆ ತಿಳಿಯದು.

ಕೆಲಸಗಳ ಕ್ರಮವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಆರು ತಿಂಗಳ ಮುಂಚೆ ರಾತ್ರಿಗಳ ಲೆಕ್ಕ, ಪಾಸ್‌ಪೋರ್ಟ್ ಪರಿಶೀಲನೆ, ವೀಸಾ ಅರ್ಜಿಯ ಸಿದ್ಧತೆ. ನಾಲ್ಕು ತಿಂಗಳ ಮುಂಚೆ ವಿಮೆ ಮತ್ತು ವಸತಿ, ವಸತಿ ನಿಲ್ದಾಣಕ್ಕೆ ಸಮೀಪವಿರಲಿ, ಲಿಫ್ಟ್ ಇರಲಿ. ಮೂರು ತಿಂಗಳ ಮುಂಚೆ ರೈಲಿನ ಟಿಕೆಟು, ಹಳಿಗಳ ದುರಸ್ತಿಗಾಗಿ ಆ ದಿನಗಳಲ್ಲಿ ಮಾರ್ಗ ಮುಚ್ಚಿದೆಯೇ ಎಂಬ ವಿಚಾರಣೆ. ಒಂದು ತಿಂಗಳ ಮುಂಚೆ ವೈದ್ಯರ ಭೇಟಿ, ಹಾಗೂ ದಿನವೂ ಅರ್ಧ ಗಂಟೆ ನಡಿಗೆಯ ಅಭ್ಯಾಸ. ಹೊರಡುವ ವಾರದಲ್ಲಿ ನಿಲ್ದಾಣದ ನೆರವಿಗೆ ಕೋರಿಕೆ, ಔಷಧದ ಹಾಳೆ. ಗಡಿಯ ನಿಯಮಗಳು ಬದಲಾಗುತ್ತಿರುವುದರಿಂದ ಅವನ್ನು ಕೊನೆಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಬೇಕು.

ಈ ಬೇಸಿಗೆಯಲ್ಲಿ ಹೊರಡುವವರಿಗೆಲ್ಲ ಪ್ರಯಾಣ ಸುಖಕರವಾಗಲಿ. ಮರಳಿ ಬಂದ ಹಿರಿಯರನ್ನು ನಮ್ಮ ಚಿಕಿತ್ಸಾಲಯದಲ್ಲಿ ಕಾಣುವುದಕ್ಕಿಂತ, ದೀಪಾವಳಿಯ ಕೂಟದಲ್ಲಿ ಅವರ ಪ್ರವಾಸಕಥೆ ಕೇಳುವುದೇ ನಮಗೆ ಸಂತೋಷ.